ಸೆರಗಿನ ತುದಿಯ ಕೈ

ನಮ್ಮ ಸೀರೆಯ ವೆಬ್‌ಸೈಟು ಈಗ ಫೋನಿನಲ್ಲಿ ಮುಟ್ಟಿದ ತಕ್ಷಣ ತೆರೆದುಕೊಳ್ಳುತ್ತದೆ. ಅಕ್ಷರ ದೊಡ್ಡದಾಗಿದೆ, ಬಣ್ಣ ಸರಿಯಾಗಿ ಕಾಣುತ್ತದೆ, ಆರ್ಡರ್ ಮಾಡುವ ಗುಂಡಿ ಹೆಬ್ಬೆರಳಿಗೆ ಸಿಗುವ ಜಾಗದಲ್ಲೇ ಇದೆ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ನನಗೆ ಮಾತ್ರ ಅದನ್ನು ಕಂಡರೆ ಆಗುವುದಿಲ್ಲ. ಅದರಲ್ಲಿ ನನ್ನ ಗಂಡನ ಕೈ ಇಲ್ಲ.

ಕೈ ಅಂದರೆ ನಿಜವಾದ ಕೈ, ಬಲಗೈ. ತೋರುಬೆರಳಿನ ಉಗುರು ಒಮ್ಮೆ ಮಗ್ಗಕ್ಕೆ ಸಿಕ್ಕಿ, ಆಮೇಲೆ ಸೊಟ್ಟಗೆ ಬೆಳೆದಿತ್ತು. ಮಣಿಕಟ್ಟಿಗೆ ಒಂದು ಕರಿದಾರ. ಹಳೆಯ ಸೈಟಿನಲ್ಲಿದ್ದ ಪ್ರತಿಯೊಂದು ಸೀರೆಯ ಬಲತುದಿಯಲ್ಲಿ, ಸೆರಗಿನ ಪಕ್ಕದಲ್ಲಿ, ಆ ಕೈ ಬಿದಿರ ಕೋಲು ಹಿಡಿದು ನಿಂತಿರುತ್ತಿತ್ತು. ಎಡತುದಿಯಲ್ಲಿ ನನ್ನ ಕೈ. ನಡುವೆ ಸೀರೆ.

ನಮ್ಮದು ದೊಡ್ಡಬಳ್ಳಾಪುರ. ಕೆಳಗೆ ವಿದ್ಯುತ್ ಮಗ್ಗಗಳು, ಮೇಲೆ ನಾವು. ಮಗ್ಗ ಓಡುವಾಗ ಮನೆಯಲ್ಲಿ ಯಾರೂ ಮೆತ್ತಗೆ ಮಾತಾಡಲು ಆಗುವುದಿಲ್ಲ, ಹಾಗಾಗಿ ನಮ್ಮ ಬೀದಿಯ ಹೆಂಗಸರಿಗೆಲ್ಲ ಗಂಟಲು ದೊಡ್ಡದು. ನನಗೆ ಅದರ ಜೊತೆಗೆ ಕೋಪವೂ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಗಂಡ ಅದಕ್ಕೆ ತಕ್ಕ ಹಾಗೆ ಸಾವಧಾನದ ಮನುಷ್ಯ. ನಾನು ಕೂಗಾಡಿ ಸುಸ್ತಾಗುವವರೆಗೂ ಕಾದು, ಆಮೇಲೆ "ಆಯ್ತಾ? ಈಗ ಕಾಫಿ ಕೊಡ್ತೀಯಾ?" ಅನ್ನುತ್ತಿದ್ದರು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಏನೇ ಕೆಲಸವಿದ್ದರೂ ಒಂದು ಕಡೆ ಅವರು, ಇನ್ನೊಂದು ಕಡೆ ನಾನು.

ನಮ್ಮ ಬೀದಿಯಲ್ಲಿ ಸೀರೆಯನ್ನು ಮಡಿಸಿ ತೋರಿಸುವ ಪದ್ಧತಿಯಿಲ್ಲ. ಕೊಳ್ಳುವವರು ಮಗ್ಗದ ಮನೆಗೆ ಬಂದರೆ, ಇಬ್ಬರು ಎರಡು ತುದಿ ಹಿಡಿದು, ಬೀದಿಬಾಗಿಲಿನ ಬೆಳಕಿಗೆ ತಂದು, ಸೀರೆಯನ್ನು ಉದ್ದಕ್ಕೂ ಬಿಡಿಸುತ್ತಾರೆ. ಒಡಲು, ಅಂಚು, ಸೆರಗು ಎಲ್ಲ ಒಂದೇ ನೋಟಕ್ಕೆ ಕಾಣಬೇಕು. ಎಲ್ಲಾದರೂ ಎಳೆ ತಪ್ಪಿದ್ದರೆ ಅದೂ ಕಾಣಬೇಕು. ಮಡಿಕೆ ಬಿಡಿಸದೆ ಸೀರೆ ಕೊಡಲು ಬಂದವನ ಹತ್ತಿರ ವ್ಯಾಪಾರಿಗಳು ಮಾತನ್ನೇ ಮುಂದುವರಿಸುವುದಿಲ್ಲ. ನನ್ನ ಮಾವನವರು ಹೀಗೆಯೇ ತೋರಿಸುತ್ತಿದ್ದರು, ಇವರೂ ಹೀಗೆಯೇ ತೋರಿಸುತ್ತಿದ್ದರು.

ಅಂಗಡಿಯವರಿಗೆ ಕೊಡುವುದು ಕಡಿಮೆಯಾಗಿ, ಉಟ್ಟುಕೊಳ್ಳುವವರಿಗೇ ನೇರವಾಗಿ ಮಾರಬೇಕು ಅನ್ನುವ ಕಾಲ ಬಂದಾಗ ಇವರಿಗೆ ವೆಬ್‌ಸೈಟಿನ ಹುಚ್ಚು ಹಿಡಿಯಿತು. ಯಾವುದೋ ವೀಡಿಯೋ ನೋಡಿಕೊಂಡು ತಾವೇ ಕೂತು ಮಾಡಿದರು. ಹೂಬಳ್ಳಿಯ ಡಿಸೈನ್ ಬರೆಯಲು ತಂದಿದ್ದ ದೊಡ್ಡ ಪರದೆಯ ಕಂಪ್ಯೂಟರ್ ಮುಂದಿನ ಕೋಣೆಯಲ್ಲಿತ್ತು. ಸೈಟು ಹುಟ್ಟಿದ್ದೂ ಅದರಲ್ಲೇ, ನಾವು ನೋಡಿದ್ದೂ ಅದರಲ್ಲೇ. ಫೋನಿನಲ್ಲಿ ಅದು ಹೇಗೆ ಕಾಣಬಹುದು ಅನ್ನುವ ಯೋಚನೆ ಇಬ್ಬರಿಗೂ ಬರಲಿಲ್ಲ. ಮಗ್ಗದ ಸದ್ದಿನಲ್ಲಿ ಫೋನು ಕೂಗಿದರೆ ಕೇಳುವುದಿಲ್ಲ ಎಂದು ಅದನ್ನು ಗೋಡೆಗೂಡಿನಲ್ಲಿ ಇಟ್ಟು, ಊಟದ ಹೊತ್ತಿಗೆ ಒಮ್ಮೆ ನೋಡುವ ಜನ ನಾವು.

ಫೋಟೋ ತೆಗೆಯುವುದು ತಾರಸಿಯ ಮೇಲೆ, ಬಿಸಿಲು ಏರುವ ಮೊದಲು. ಸೀರೆಯ ಎರಡು ತುದಿಗೂ ಬಿದಿರ ಕೋಲು ಕಟ್ಟುತ್ತಿದ್ದೆವು. ಎಡಗಡೆಯ ಕೋಲು ನನಗೆ. ಬಲಗಡೆಯದನ್ನು ಅವರು ನೀರಿನ ಟ್ಯಾಂಕಿನ ಗೋಡೆಗೆ ಒರಗಿಸಿ, ಈ ಕಡೆ ಬಂದು ಕ್ಯಾಮೆರಾದ ಟೈಮರ್ ಒತ್ತಿ, ಪಂಚೆ ಎತ್ತಿಕೊಂಡು ತಮ್ಮ ತುದಿಗೆ ಓಡುತ್ತಿದ್ದರು. ಆ ಓಟ ನೋಡಿ ನನಗೆ ನಗು ತಡೆಯುತ್ತಿರಲಿಲ್ಲ. ನಾನು ನಕ್ಕರೆ ಕೋಲು ಅಲುಗಿ ಸೀರೆಯೆಲ್ಲ ಅಲೆಯಾಡಿ ಫೋಟೋ ಕೆಡುತ್ತಿತ್ತು.

"ನಗ್ಬೇಡ ಕಣೇ, ಸೀರೆ ನಗ್ತದೆ."

"ನೀವು ಓಡ್ಬೇಡಿ ಮತ್ತೆ."

"ಓಡ್ದಿದ್ರೆ ಅದು ಕಾಯತ್ತಾ?"

ಮುಖ, ಮೈ ಯಾವುದೂ ಕಾಣಬಾರದು ಎನ್ನುವುದು ಅವರ ನಿಯಮ. ಕೊಳ್ಳುವವರು ಸೀರೆ ನೋಡಲು ಬರುತ್ತಾರೆ, ನಮ್ಮ ಮೋರೆ ನೋಡಲು ಅಲ್ಲ ಅನ್ನುತ್ತಿದ್ದರು. ಆದರೆ ಕೋಲು ಹಿಡಿದ ಕೈಯನ್ನು ಎಲ್ಲಿ ಬಚ್ಚಿಡುವುದು? ಅದೊಂದು ಉಳಿದುಕೊಂಡಿತು. ಇಷ್ಟು ವರ್ಷ ಒಟ್ಟಿಗೆ ಬಾಳಿದೆವು, ಮದುವೆಯ ಆಲ್ಬಮ್ಮು ಬಿಟ್ಟರೆ ನಾವಿಬ್ಬರೂ ಒಂದೇ ಚೌಕಟ್ಟಿನಲ್ಲಿರುವುದು ಆ ಸೀರೆಯ ಫೋಟೋಗಳಲ್ಲಿ ಮಾತ್ರ.

ಸೈಟು ಶುರುವಾದ ಮೇಲೆ ಕರೆಗಳು ಬರತೊಡಗಿದವು. ಆರ್ಡರಿಗಿಂತ ದೂರೇ ಹೆಚ್ಚು. ಓಪನ್ ಆಗುವುದಿಲ್ಲ ಎಂದು ಒಬ್ಬರು, ಸೀರೆ ಕಾಣುವುದಿಲ್ಲ ಎಂದು ಇನ್ನೊಬ್ಬರು, ಕೊಳ್ಳುವ ಗುಂಡಿ ಎಲ್ಲಿದೆ ಎಂದು ಮತ್ತೊಬ್ಬರು. ಇವರು ಅಷ್ಟೇ ಸಾವಧಾನವಾಗಿ, "ಫೋನ್ ಅಡ್ಡ ಹಿಡ್ಕೊಳಿ ಅಮ್ಮಾ. ಈಗ ಕಂಡ್ತಾ? ಸ್ವಲ್ಪ ಕಾಯಿರಿ, ಬರ್ತದೆ," ಅನ್ನುತ್ತಿದ್ದರು. ಇಟ್ಟ ಮೇಲೆ ನನ್ನ ಕಡೆ ತಿರುಗಿ, "ನೆಟ್‌ವರ್ಕ್ ಸರಿ ಇಲ್ಲ ಅವರೂರಲ್ಲಿ," ಎಂದು ತೀರ್ಪು ಕೊಡುತ್ತಿದ್ದರು. ಇಡೀ ಕರ್ನಾಟಕದ ನೆಟ್‌ವರ್ಕ್ ಕೆಟ್ಟಿದ್ದರೂ ನಮ್ಮ ಸೈಟು ಮಾತ್ರ ಸರಿಯಾಗಿತ್ತು. ನಾನೂ ಹಾಗೆಯೇ ನಂಬಿದ್ದೆ. ಆ ದೊಡ್ಡ ಪರದೆಯ ಮೇಲೆ ಸೀರೆ ಅಷ್ಟು ಚೆಂದ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಮಗ್ಗದ ಮೋಟಾರಿನ ಬಿಡಿಭಾಗ ತರಲು ಬಾಶೆಟ್ಟಿಹಳ್ಳಿಗೆ ಹೋದವರು ಬಂದು, ಸ್ಕೂಟರ್ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತರು. ಯಾಕೋ ತುಂಬ ಬೆವರುತ್ತಿದೆ, ನೀರು ಕೊಡು ಅಂದರು. ನಾನು ಒಳಗೆ ಹೋಗಿ ಲೋಟ ತುಂಬಿಸಿಕೊಂಡು ಬರುವಷ್ಟರಲ್ಲಿ ಗೋಡೆಗೆ ಒರಗಿಬಿಟ್ಟಿದ್ದರು. ಆ ಬಿಡಿಭಾಗ ಇನ್ನೂ ಕೈಯಲ್ಲೇ ಇತ್ತು. ಮಗ್ಗ ಓಡುತ್ತಿದ್ದರಿಂದ ನಾನು ಕೂಗಿದ್ದು ಕೆಳಗಿನವರಿಗೆ ಕೇಳಿಸಲಿಲ್ಲ. ಇಷ್ಟು ದೊಡ್ಡ ಗಂಟಲಿದ್ದೂ ಕೇಳಿಸಲಿಲ್ಲ.

ಅವರು ಹೋದ ಮೇಲಿನ ತಿಂಗಳುಗಳನ್ನು ಹೇಗೆ ಕಳೆದೆ ಎಂದು ಬರೆಯಲು ಹೋಗುವುದಿಲ್ಲ. ಮಗ್ಗ ನಿಲ್ಲಿಸಲಿಲ್ಲ, ಅಷ್ಟೇ. ನಿಲ್ಲಿಸಿದರೆ ಮನೆ ಮೌನವಾಗಿಬಿಡುತ್ತದೆ ಎನ್ನುವ ಭಯವಿತ್ತು. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದ್ದೆ, ಸಂಜೆ ಮಾತ್ರ ತೆಗೆದು ಸೈಟು ತೆರೆಯುತ್ತಿದ್ದೆ. ಆರ್ಡರ್ ನೋಡುವ ನೆಪ. ಒಂದೊಂದೇ ಸೀರೆಯ ಬಲತುದಿಯನ್ನು ನೋಡಿಕೊಂಡು ಹೋಗುತ್ತಿದ್ದೆ. ಎಲೆಹಸಿರು ಸೀರೆಯಲ್ಲಿ ಕೈ ಬಿಗಿಯಾಗಿದೆ, ಗಾಳಿ ಇದ್ದಿರಬೇಕು. ನೇರಳೆ ಸೀರೆಯಲ್ಲಿ ಸ್ವಲ್ಪ ಮಸುಕು, ಓಡಿ ಬಂದು ಆಗಷ್ಟೇ ಹಿಡಿದಿದ್ದಾರೆ. ಆರ್ಡರ್ ಮಾತ್ರ ಬರುತ್ತಿರಲಿಲ್ಲ. ಫೋನಿನಲ್ಲಿ ಜನರಿಗೆ ಸಮಾಧಾನ ಹೇಳಿ, ಅಡ್ಡ ಹಿಡಿಸಿ, ಕಾಯಿಸುತ್ತಿದ್ದವರು ಇಲ್ಲವಲ್ಲ. ನಾನು ಒಂದೆರಡು ಸಲ ಪ್ರಯತ್ನಿಸಿ ಬೈದುಬಿಟ್ಟೆ.

ದೊಡ್ಡಬೆಳವಂಗಲದಲ್ಲಿ ನನ್ನ ತಂಗಿ ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಬರಲೇಬೇಕು ಎಂದು ಎಳೆದುಕೊಂಡು ಹೋದಳು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಅವಳ ಹೊಸ ಸೊಸೆ ಕೂತಿದ್ದಳು. ಒಳ್ಳೆಯ ಹುಡುಗಿ, ನನ್ನ ಮನಸ್ಸು ಬೇರೆ ಕಡೆ ತಿರುಗಿಸಬೇಕೆಂದು, "ದೊಡ್ಡಮ್ಮಾ, ನಿಮ್ ಸೈಟ್ ಹೇಳಿ, ಇಲ್ಲೇ ಸೀರೆ ನೋಡಣ," ಎಂದು ಫೋನ್ ತೆಗೆದಳು. ಪಲ್ಯ ಬಂತು, ಕೋಸಂಬರಿ ಬಂತು, ಅನ್ನ ಬಂತು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಸಾರು ಕಲಸಿಕೊಳ್ಳುವಾಗ ಅಂತೂ ತೆರೆಯಿತು. ಆ ಪರದೆಯ ನಡುವೆ ಅಡ್ಡಕ್ಕೆ ಒಂದು ಬಣ್ಣದ ಗೆರೆ, ಮೇಲೂ ಕೆಳಗೂ ಬಿಳಿ ಖಾಲಿ. ಹುಡುಗಿ ಫೋನನ್ನು ಕಣ್ಣಿನ ಹತ್ತಿರ ತಂದಳು.

"ಇದು ಸೀರೆನಾ ದೊಡ್ಡಮ್ಮಾ, ರಾಖಿನಾ?"

ಪಂಕ್ತಿಯವರೆಲ್ಲ ನಕ್ಕರು. ಅವಳು ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ. ನಾನೂ ನಕ್ಕೆ. ಫೋನ್ ಇಸಿದುಕೊಂಡು ಅಡ್ಡ ಹಿಡಿದೆ, ಅವರು ಹೇಳಿಕೊಡುತ್ತಿದ್ದ ಹಾಗೆಯೇ. ಗೆರೆ ರಿಬ್ಬನ್ನಿನಷ್ಟಾಯಿತು, ಸೀರೆಯಾಗಲಿಲ್ಲ. ಬಲತುದಿಯಲ್ಲಿ ಸಾಸಿವೆ ಕಾಳಿನಷ್ಟು ಏನೋ ಇತ್ತು. ಅದು ಅವರ ಕೈ. ಊರೂರಿನ ಹೆಂಗಸರು ಇಷ್ಟು ದಿನ ನೋಡಿದ್ದು ಇದನ್ನೇ. ಅವರು ಅಷ್ಟು ಆಸೆಯಿಂದ ಓಡಿ ಓಡಿ ತೆಗೆದ ಒಂದು ಸೀರೆಯನ್ನೂ ಯಾರೂ ನೋಡಿಯೇ ಇರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಪಕ್ಕದವಳು ವಾಂತಿ ಬರುತ್ತಿದೆ ಎಂದುಕೊಂಡು ಕಿಟಕಿ ತೆಗೆದುಕೊಟ್ಟಳು.

ಬಸ್ ನಿಲ್ದಾಣದ ಹತ್ತಿರ ಬೇಕರಿಯ ಮೇಲಿನ ಕೋಣೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಒಬ್ಬರಿದ್ದಾರೆ. ಮೂವತ್ತರ ಆಸುಪಾಸಿನವರು, ಮನೆಯವರ ಜೊತೆ ದಖನಿ ಉರ್ದುವಿನಲ್ಲೂ ನಮ್ಮ ಜೊತೆ ನಮ್ಮಂತೆಯೇ ಕನ್ನಡದಲ್ಲೂ ಮಾತಾಡುವವರು. ನನ್ನ ಗಂಡನಿಗೆ ಮೊದಲಿನಿಂದ ಪರಿಚಯ. ನಾನು ಹೋದಾಗ ಎದ್ದು ನಿಂತು ಕುರ್ಚಿ ಕೊಟ್ಟರು, ಕೆಳಗಿನಿಂದ ಚಹಾ ತರಿಸಿದರು.

"ಅಂಕಲ್‌ಗೆ ಆವಾಗ್ಲೇ ಹೇಳಿದ್ದೆ ಆಂಟಿ. ಜನ ಎಲ್ಲಾ ಫೋನಲ್ಲೇ ನೋಡೋದು, ಫೋನಿಗೆ ತಕ್ಕಂಗೆ ಮಾಡ್ಬೇಕು ಅಂತ. ಕೇಳ್ಲಿಲ್ಲ."

"ಏನಂದ್ರು?"

ಅವರು ಸ್ವಲ್ಪ ನಕ್ಕರು. "ಸೀರೆ ಪೂರ್ತಿ ಹಿಡಿಸ್ದೇ ಇರೋ ಫೋನು ತಪ್ಪೋ, ಸೀರೆ ತಪ್ಪೋ ಅಂದ್ರು."

ಅದು ನನ್ನ ಗಂಡನದೇ ಮಾತು, ಅವರದೇ ದನಿ. ಬೇರೆಯವರ ಬಾಯಲ್ಲಿ ಕೇಳಿ ನಾನು ಚಹಾದ ಲೋಟ ಕೆಳಗಿಟ್ಟೆ.

ಸೈಟಿನ ಕಾಯಿಲೆಗಳನ್ನು ವೆಬ್‌ಸೈಟಿನವರು ತಮ್ಮ ಫೋನಿನಲ್ಲಿ ತೋರಿಸಿದರು. ಫೋಟೋಗಳು ವಿಪರೀತ ಭಾರ, ಅದಕ್ಕೇ ತೆರೆಯಲು ಅಷ್ಟು ಹೊತ್ತು. ಅಕ್ಷರ ಇರುವೆ ಸಾಲಿನಷ್ಟು. ಕೊಳ್ಳುವ ಗುಂಡಿ ಪುಟದ ಬಲಗಡೆಯ ಅಂಚಿನಲ್ಲಿದ್ದು ಫೋನಿನ ಪರದೆಯಿಂದ ಆಚೆಗೇ ಹೋಗಿಬಿಟ್ಟಿದೆ. ಎಲ್ಲಕ್ಕಿಂತ ತಮಾಷೆ ಎಂದರೆ ಫೋನ್ ನಂಬರ್. ನಮ್ಮ ಮಗ್ಗದ ಮನೆಯ ಬಾಗಿಲ ಮೇಲೆ ಪೇಂಟರ್ ಬರೆದುಕೊಟ್ಟ ಬೋರ್ಡು ಚೆನ್ನಾಗಿದೆ ಎಂದು ನನ್ನ ಗಂಡ ಅದರ ಫೋಟೋ ತೆಗೆದು ಹಾಕಿದ್ದರು. ನಂಬರ್ ಅದರಲ್ಲೇ ಇದೆಯಲ್ಲ ಎಂದು ಬೇರೆ ಬರೆಯಲಿಲ್ಲ. ಮುಟ್ಟಿದರೆ ಕರೆ ಹೋಗುವಂತೆ ಇರಬೇಕಾದ ನಂಬರು ಬೋರ್ಡಿನ ಚಿತ್ರದಲ್ಲಿ ಸುಮ್ಮನೆ ಕೂತಿತ್ತು. ನನಗೆ ನಗುವೂ ಬಂತು. ಮಾಡಿಕೊಡಿ, ನನಗೆ ಇದೆಲ್ಲ ತಿಳಿಯದು, ಮಗ್ಗ ನಿಲ್ಲಬಾರದು ಅಷ್ಟೇ ಎಂದು ಹೇಳಿ ಬಂದೆ.

ಸ್ವಲ್ಪ ದಿನ ಬಿಟ್ಟು ಕರೆದು, ಹೊಸದು ಹೇಗಿದೆ ನೋಡಿ ಎಂದು ಫೋನ್ ಕೈಗಿಟ್ಟರು. ಮುಟ್ಟಿದ ಕೂಡಲೇ ಬಂತು. ಗುಂಡಿ, ನಂಬರು, ಅಕ್ಷರ ಎಲ್ಲ ಎಲ್ಲೆಲ್ಲಿ ಇರಬೇಕೋ ಅಲ್ಲಿ. ಪರದೆಯ ಅಗಲಕ್ಕೂ ಎಲೆಹಸಿರು ಸೀರೆ. ಬುಟ್ಟಾಗಳು ಸ್ಪಷ್ಟ. ನಾನು ಬಲಕ್ಕೆ ನೋಡಿದೆ. ಅಂಚು ಕಡಿದುಹೋಗಿತ್ತು. ನೇರಳೆ ಸೀರೆ ತೆಗೆದೆ. ಅದೂ ಹಾಗೆಯೇ. ಒಂದೊಂದಾಗಿ ಎಲ್ಲ ತೆಗೆದೆ.

"ಕೈ ಎಲ್ಲಿ?"

"ಯಾವ ಕೈ ಆಂಟಿ?"

"ಅವರ ಕೈ. ಈ ತುದಿಗೆ ಇತ್ತಲ್ಲ."

ಪಾಪ, ಅವರಿಗೆ ಮೊದಲು ಅರ್ಥವಾಗಲಿಲ್ಲ. ಉದ್ದನೆಯ ಫೋಟೋ ಫೋನಿಗೆ ಹೊಂದಬೇಕಾದರೆ ನಡುವಿನ ಭಾಗವನ್ನು ಮಾತ್ರ ಇಟ್ಟುಕೊಂಡು ಎರಡೂ ಕಡೆ ಕತ್ತರಿಸುತ್ತದೆ, ಅದು ತನ್ನಷ್ಟಕ್ಕೆ ತಾನೇ ಹಾಗೆ ಮಾಡುತ್ತದೆ ಎಂದು ವಿವರಿಸಿದರು. ಆಮೇಲೆ ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ನಾನು ಎದ್ದುಬಿಟ್ಟೆ. ನಿಮ್ಮ ಸೈಟು ನೀವೇ ಇಟ್ಟುಕೊಳ್ಳಿ, ನಮಗೆ ಹಳೆಯದೇ ಇರಲಿ, ನೋಡುವವರು ನೋಡಲಿ ಬಿಡುವವರು ಬಿಡಲಿ ಎಂದು ಬೇಕರಿಯವರಿಗೂ ಕೇಳುವಂತೆ ಅಂದು ಮೆಟ್ಟಿಲಿಳಿದೆ. ಸತ್ತವರನ್ನು ಇನ್ನೊಂದು ಸಲ ಸಾಯಿಸುವುದು ಅಂದರೆ ಇದೇ ಎಂದು ನನಗೆ ಅನಿಸಿತ್ತು. ಈಗಲೂ ಹಾಗೇ ಅನಿಸುತ್ತದೆ.

ಆದರೆ ಹಟ ಮಾಡಿಕೊಂಡು ಕೂತರೆ ಮಗ್ಗ ಓಡುತ್ತದೆಯೇ? ಬೀರು ತುಂಬ ಸೀರೆ ಸೇರಿಕೊಂಡಿತು. ಮೂಲೆಯ ಮಗ್ಗವನ್ನು ನಿಲ್ಲಿಸಬೇಕಾಯಿತು, ನೇಯುತ್ತಿದ್ದವರು ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಸೇರಿಕೊಂಡರು. ಆ ಮೂಲೆಯಿಂದ ಸದ್ದು ಬರುವುದು ನಿಂತಿತು. ನಮ್ಮ ತಾಲ್ಲೂಕಿನದೇ ಮಧುರೆಯಿಂದ ದಿನಾ ಬಸ್ಸಿನಲ್ಲಿ ಬಂದು ನಮ್ಮಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಹೆಂಗಸೊಬ್ಬರಿದ್ದಾರೆ, ನನಗಿಂತ ಹಿರಿಯರು, ನನ್ನ ಮದುವೆಯ ಕಾಲದಿಂದ ಇರುವವರು. ಅವರು ಒಂದು ದಿನ ಕೈಕೆಲಸ ಬಿಡದೆಯೇ ಅಂದರು:

"ಅಣ್ಣ ಇದ್ದಿದ್ರೆ ಮಗ್ಗ ನಿಲ್ಸಕ್ಕೆ ಬುಡ್ತಿತ್ತಾ ಕಣವ್ವಾ?"

ಬಿಡುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಫೋಟೋ ಹೊಸದಾಗಿ ತೆಗೆದರಾಯಿತು, ಆದರೆ ನಮ್ಮ ಪದ್ಧತಿಯಲ್ಲೇ ತೆಗೆಯುತ್ತೇನೆ ಎಂದುಕೊಂಡೆ. ಬೆಳಿಗ್ಗೆ ಆ ಹೆಂಗಸನ್ನು ತಾರಸಿಗೆ ಕರೆದುಕೊಂಡು ಹೋದೆ. ಅವರಿಗೆ ಬಲಗಡೆಯ ಕೋಲು, ನನಗೆ ಎಡಗಡೆಯದು. ಸೀರೆ ಬಿಗಿಯಾಗಿ ಎಳೆದುಕೊಂಡದ್ದೇ ತಡ, ನನ್ನ ಭುಜಕ್ಕೆ ಜಗ್ಗಿ ಬಂತು. ಅವರು ಎಳೆದರೆ ನನ್ನ ಕೋಲು ವಾಲುತ್ತದೆ, ಸಡಿಲ ಬಿಟ್ಟರೆ ನಡುವೆ ಸೀರೆ ಜೋತುಬೀಳುತ್ತದೆ. ಹೀಗೆ ಹಿಡಿಯಿರಿ, ಹಾಗೆ ಹಿಡಿಯಿರಿ ಎಂದು ನಾನು ರೇಗಿದೆ. ಅವರು ಅವರಿಗೆ ತೋಚಿದಂತೆ ಹಿಡಿದರು.

ಹಿಡಿದ ಸೀರೆಗೆ ಇಷ್ಟು ಭಾರವಿರುತ್ತದೆ ಎಂದು ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ಎಷ್ಟೋ ಸೀರೆ ಹಿಡಿದಿದ್ದೇನೆ. ಎಳೆತವನ್ನೆಲ್ಲ ಅವರು ತಮ್ಮ ತುದಿಯಲ್ಲಿ ತೆಗೆದುಕೊಂಡು, ನನಗೆ ಬರೀ ಕೋಲು ನೆಟ್ಟಗೆ ನಿಲ್ಲಿಸುವಷ್ಟು ಬಿಟ್ಟುಕೊಡುತ್ತಿದ್ದರು. ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನಾನು ಅದಕ್ಕೂ ಒಂದು ಮಾತು ಅನ್ನುತ್ತಿದ್ದೆ. ಕೋಲು ಕೆಳಗಿಟ್ಟು ಟ್ಯಾಂಕಿನ ನೆರಳಲ್ಲಿ ಕೂತುಬಿಟ್ಟೆ. ಆ ಹೆಂಗಸು ಸೀರೆ ಸುತ್ತಿಕೊಂಡು ಕೆಳಗೆ ಹೋದರು. ಮೇಲೆ ದೇವನಹಳ್ಳಿಗೆ ಇಳಿಯುವ ವಿಮಾನವೊಂದು ತುಂಬ ಕೆಳಗೆ ಬಂದು ಹೋಯಿತು.

ವೆಬ್‌ಸೈಟಿನವರಿಗೆ ನಾನೇ ಫೋನ್ ಮಾಡಿದೆ. ಅವರು ಹಿಂದಿನದನ್ನು ಎತ್ತಲಿಲ್ಲ. ಮಾರನೆಯ ದಿನವೇ ಬಂದು ತಾರಸಿ ನೋಡಿದರು, ಬೆಳಕು ನೋಡಿದರು. ಟ್ಯಾಂಕಿನಿಂದ ಹೊರಗೆ ಚಾಚಿದ್ದ ಕಬ್ಬಿಣದ ಪೈಪಿಗೆ ಸೀರೆಯನ್ನು ಮೇಲಿನಿಂದ ಇಳಿಬಿಡೋಣ ಅಂದರು. ಒಡಲನ್ನು ನೆರಿಗೆ ಹಿಡಿದು ಹಿಂದೆ ಬಿಟ್ಟು, ಸೆರಗನ್ನು ಮುಂದೆ ಹರಡಿದರೆ ಫೋನಿನ ಪರದೆಗೆ ಸರಿಯಾಗಿ ಕೂರುತ್ತದೆ.

"ಕೆಳಗಡೆ ಹಿಡಿಯೋಕೆ?" ಎಂದು ಕೇಳಿದೆ.

"ನೀವೇ ಹಿಡೀರಿ. ಗಾಳಿಗೆ ಹಾರ್ದಂಗೆ ಸುಮ್ನೆ ಮುಟ್ಟಿದ್ರಾಯ್ತು."

"ಆ ಕಡೆ?"

"ಆ ಕಡೆ ಯಾರೂ ಬೇಡ ಆಂಟಿ. ಫೋನು ಉದ್ದಕ್ಕಲ್ವಾ. ಒಬ್ರಿದ್ರೆ ಸಾಕು."

ಅವರು ಕ್ಯಾಮೆರಾದ ಕಾಲು ಸರಿಮಾಡುತ್ತ ಅಂದ ಮಾತು ಅದು. ಕೆಲಸದ ಮಾತು. ನಾನು ಕೆಳಗೆ ಹೋಗಿ ನೀರು ಕುಡಿದು ಬರುತ್ತೇನೆ ಎಂದು ಹೇಳಿ ಮೆಟ್ಟಿಲ ತಿರುವಿನಲ್ಲಿ ನಿಂತೆ. ಗಂಡ ಹೋದ ಮೇಲೆ ಎಷ್ಟೋ ಜನ ನನಗೆ ಎಷ್ಟೋ ಸಮಾಧಾನ ಹೇಳಿದ್ದರು. ಧೈರ್ಯ ತಂದುಕೋ, ನಿನ್ನ ಕಾಲ ಮೇಲೆ ನೀನು ನಿಂತುಕೋ, ಅಭ್ಯಾಸವಾಗುತ್ತದೆ ಅಂದಿದ್ದರು. ಅದ್ಯಾವುದೂ ನನಗೆ ತಾಗಿರಲಿಲ್ಲ. ಈ ಒಂದು ಮಾತು ತಾಗಿತು. ಆ ತುದಿಯೇ ಬೇಡವಾಗಿತ್ತು. ಮೇಲೆ ಹೋಗಿ ಮುಖ ಒರೆಸಿಕೊಂಡು ಸೀರೆ ಹಿಡಿದೆ. ಬಿಸಿಲು ಏರುವ ಮೊದಲೇ ಬೀರುವಿನ ಸೀರೆಗಳೆಲ್ಲ ಮುಗಿದವು. ಹಿಂದೆ ನಾವಿಬ್ಬರೂ ಸೇರಿ ಒಂದೇ ಸೀರೆಗೆ ಒಂದು ಬೆಳಗು ಕಳೆಯುತ್ತಿದ್ದೆವು.

ಹೊಸ ಸೈಟು ಓಡಿತು. ಬೇರೆ ಮಾತಿಲ್ಲ. ಫೋನಿನಲ್ಲಿ ನೋಡಿ, ಅಲ್ಲೇ ಗುಂಡಿ ಒತ್ತಿ, ಯಾರನ್ನೂ ಏನನ್ನೂ ಕೇಳದೆ ಜನ ಕೊಳ್ಳತೊಡಗಿದರು. ಪೂರ್ತಿ ಬಿಡಿಸದೆ ತೋರಿಸಿದ ಸೀರೆಯನ್ನು ಯಾರೂ ಅನುಮಾನಿಸಲಿಲ್ಲ. ಮೂಲೆಯ ಮಗ್ಗ ಮತ್ತೆ ಶುರುವಾಯಿತು. ಅಡ್ಡ ಹಿಡ್ಕೊಳಿ ಅಮ್ಮಾ ಎಂದು ಹೇಳುವ ಅಗತ್ಯವೇ ಇಲ್ಲದೆ ಹೋಯಿತು. ಅವರ ತಾಳ್ಮೆಯ ಜಾಗದಲ್ಲೂ ಸೈಟೇ ಕೂತುಬಿಟ್ಟಿತು.

ಹೀಗಿರುವಾಗ ಹೊಳಲ್ಕೆರೆ ಕಡೆಯಿಂದ ಒಂದು ಕರೆ ಬಂತು. ನಿವೃತ್ತ ಟೀಚರಂತೆ. ಹಳೆಯ ಸೈಟಿನಿಂದಲೂ ಸೀರೆ ತರಿಸಿಕೊಂಡ ನಾಲ್ಕಾರು ಜನರಲ್ಲಿ ಅವರೂ ಒಬ್ಬರು. ಹೊಸ ಸೈಟು ಸಲೀಸಾಗಿದೆ ಎಂದು ಹೊಗಳಿದರು. ಆಮೇಲೆ ಕೇಳಿದರು:

"ಮೊದ್ಲು ಫೋಟೋದಲ್ಲಿ ಒಂದು ಕೈ ಇರ್ತಿತ್ತಲ್ರೀ, ಕರಿದಾರ ಕಟ್ಕೊಂಡು. ಅವರು ಈಗ ಕೆಲಸಕ್ಕೆ ಬರೋದಿಲ್ವಾ?"

ನಾನು ಗೋಡೆಗೂಡಿಗೆ ಒರಗಿದೆ. ಕೆಳಗೆ ಮಗ್ಗ ಓಡುತ್ತಿತ್ತು.

"ನೀವು ಕೈ ನೋಡಿದ್ರಾ? ಫೋನಲ್ಲಿ? ಗೆರೆ ಥರ ಕಾಣ್ತಿತ್ತಲ್ಲ."

"ಅಯ್ಯೋ, ಎರಡು ಬೆರಳಲ್ಲಿ ಹಿಗ್ಗಿಸ್ಕೊಂಡು ನೋಡ್ತಿದ್ದೆ. ಈ ತುದೀಲಿ ಒಂದು ಬಳೆ ಹಾಕಿದ ಕೈ, ಅಲ್ಲಿಂದ ನಿಧಾನಕ್ಕೆ ಸರಿಸ್ಕೊಂಡು ಹೋದ್ರೆ ಸೀರೆ ಬರ್ತಾನೇ ಇರ್ತಿತ್ತು. ಕೊನೇಲಿ ಆ ಕರಿದಾರದ ಕೈ. ಆ ಕೈ ಬಂದ್ರೆ ಸೀರೆ ಪೂರ್ತಿ ನೋಡ್ದಂಗಾಯ್ತು ಅಂತ ಸಮಾಧಾನ. ನಮ್ಮ ಮನೆಯವರಿಗೂ ತೋರಿಸ್ತಿದ್ದೆ, ನೋಡಿ, ಹೆಂಗೆ ಇಬ್ರೂ ಸೇರಿ ಹಿಡಿದಾರೆ ಅಂತ."

ಒಬ್ಬರಾದರೂ ನೋಡಿದ್ದರು. ಎಲ್ಲೋ ಒಂದು ಊರಲ್ಲಿ, ಮುಖ ತಿಳಿಯದ ಒಬ್ಬ ಹೆಂಗಸು, ನನ್ನ ಗಂಡ ಓಡಿ ಬಂದು ಹಿಡಿದ ಸೀರೆಯನ್ನು ಅವರು ತೋರಿಸಬೇಕೆಂದಿದ್ದ ಹಾಗೆಯೇ, ತುದಿಯಿಂದ ತುದಿಗೆ ನೋಡಿದ್ದರು. ಅದನ್ನು ಅವರಿಗೆ ಹೇಳಲು ನನಗೆ ಸಾಧ್ಯವಿರಲಿಲ್ಲ. ಹೇಳಿದ್ದರೆ, ನೋಡಿದೆಯಾ ಎಂದು ಆ ದಿನವೆಲ್ಲ ನನ್ನ ಪ್ರಾಣ ತಿನ್ನುತ್ತಿದ್ದರು.

"ಅವರು ನನ್ನ ಯಜಮಾನ್ರು," ಅಂದೆ. "ಈಗಿಲ್ಲ. ತೀರ್ಕೊಂಡ್ರು."

ಅವರು, "ಹಂಗಾದ್ರೆ ಬಳೆ ಕೈ ನಿಮ್ದಾ?" ಎಂದು ಕೇಳಿದರು. ಹೌದು ಅಂದೆ. ಅವರು ಸೀರೆಯ ಮಾತು ಮತ್ತೆ ಎತ್ತದೆ ಫೋನ್ ಇಟ್ಟರು.

ವೆಬ್‌ಸೈಟಿನವರಿಗೆ ಈ ವಿಷಯ ಹೇಳಿದಾಗ, ಬೇಕಾದರೆ ಒಂದು ಹಳೆಯ ಫೋಟೋವನ್ನು ಪುಟದ ಕೆಳಗಡೆ ಎಲ್ಲಾದರೂ ಹಾಕೋಣ ಅಂದರು. ಬೇಡ ಅಂದೆ. ಅಲ್ಲಿ ಅದು ಮತ್ತೆ ಗೆರೆಯಾಗಿ ಕೂರುತ್ತದೆ, ಅವಸರದಲ್ಲಿರುವವರು ಹೆಬ್ಬೆರಳಿನಿಂದ ತಳ್ಳಿಕೊಂಡು ಮುಂದೆ ಹೋಗುತ್ತಾರೆ. ನನ್ನ ಯಜಮಾನರನ್ನು ಯಾರಾದರೂ ಹಾಗೆ ತಳ್ಳಿಕೊಂಡು ಹೋಗುವುದು ನನಗೆ ಬೇಡ. ಹಳೆಯ ಫೋಟೋಗಳನ್ನೆಲ್ಲ ನನ್ನ ಫೋನಿಗೆ ಹಾಕಿಸಿಕೊಂಡೆ.

ಈಗ ಊಟದ ಹೊತ್ತಿಗೆ ಮಗ್ಗ ನಿಂತಾಗ ಮೆಟ್ಟಿಲ ಮೇಲೆ ಕೂತು ಒಂದು ಸೀರೆ ತೆಗೆಯುತ್ತೇನೆ. ಆ ಟೀಚರು ಹೇಳಿದಂತೆ ಎರಡು ಬೆರಳಲ್ಲಿ ಹಿಗ್ಗಿಸಿ, ನನ್ನ ಕೈಯಿಂದ ಹೊರಟು ಬಲಕ್ಕೆ ಸರಿಸಿಕೊಂಡು ಹೋಗುತ್ತೇನೆ. ಬುಟ್ಟಾ ಆದ ಮೇಲೆ ಬುಟ್ಟಾ ಬರುತ್ತದೆ. ಒಡಲು ದಾಟಿ ಸೆರಗಿನ ಗೆರೆಗಳು ಶುರುವಾದ ಕೂಡಲೇ ನನ್ನ ಬೆರಳು ತಾನಾಗಿಯೇ ನಿಂತುಬಿಡುತ್ತದೆ. ಆ ಕೈ ಬಂದರೆ ಸೀರೆ ಮುಗಿಯಿತು.